ಪೀಣ್ಯದಲ್ಲಿ ಹಾರ್ಡನಿಂಗ್‌ಗೆ ಕೊಡುವವರೇ, ಬರೀ ರಿಪೋರ್ಟ್ ನಂಬಬೇಡಿ

ಸ್ಟೀಲು ಕಾಯಿಸಿ ಗಟ್ಟಿ ಮಾಡಿಕೊಡುವ, ಅಂದರೆ ಹಾರ್ಡನಿಂಗ್ ಮಾಡುವ ಆ ಅಂಗಡಿಯ ಹೆಸರು ಹಾಕುತ್ತಿಲ್ಲ. ಆದರೆ ಸುಮ್ನೆ ಇರೋಕೂ ಆಗುತ್ತಿಲ್ಲ. ಹೊಟ್ಟೆ ಉರಿಯುತ್ತಿದೆ.

ವಾಷರ್ ಹೊಡೆಯುವ ಪ್ರೆಸ್ ಟೂಲ್. ಓಎಚ್‌ಎನ್‌ಎಸ್ (ಎಣ್ಣೆಯಲ್ಲಿ ಗಟ್ಟಿಯಾಗುವ ಟೂಲ್ ಸ್ಟೀಲ್) ಸ್ಟೀಲಿನ ಡೈ (ತೂತಿರುವ ಕೆಳಗಿನ ಅಚ್ಚು), ತಗಡು ಕತ್ತರಿಸುವ ಎರಡು ಪಂಚ್, ಅದರಲ್ಲಿ ಒಂದು ಸ್ಪೇರ್. ಡ್ರಾಯಿಂಗ್ ಮೇಲೆ 58-60 ಎಚ್‌ಆರ್‌ಸಿ (ರಾಕ್‌ವೆಲ್ ಗಟ್ಟಿತನದ ಅಳತೆ), ಟೆಂಪರಿಂಗ್ (ಗಟ್ಟಿ ಮಾಡಿದ ಮೇಲೆ ಕಡಿಮೆ ಬಿಸಿಯಲ್ಲಿ ಮತ್ತೆ ಕಾಯಿಸೋದು) ಆಗಲೇಬೇಕು ಅಂತ ದಪ್ಪಗೆ ಬರೆದು ಕೊಟ್ಟಿದ್ದೆ. ಜಾಬ್ ವಾಪಸ್ ಬಂತು, ಜೊತೆಗೆ ಸೀಲ್ ಒತ್ತಿದ ರಿಪೋರ್ಟ್: ಒಂದೊಂದು ಪಂಚ್‌ಗೂ 59, 60, 59. ಗ್ರೈಂಡಿಂಗ್ ಮುಗಿಸಿ ಪ್ರೆಸ್‌ಗೆ ಹಾಕಿದೆವು. ಮೊದಲ ಶಿಫ್ಟ್ ಮುಗಿಯುವ ಮೊದಲೇ ಪಟ್ ಅಂತ ಸದ್ದು. ಪಂಚ್ ಅಡ್ಡಕ್ಕೆ ಮುರಿದಿತ್ತು. ತುಂಡು ಸಿಕ್ಕಿಕೊಂಡು ಡೈ ಅಂಚೂ ಎದ್ದುಹೋಯಿತು. ಅವತ್ತೇ ಮಾಲು ಕಳಿಸುತ್ತೇನೆ ಅಂತ ಕಸ್ಟಮರ್‌ಗೆ ಮಾತು ಕೊಟ್ಟಿದ್ದೆ. ಅವರ ಮುಂದೆ ತಲೆ ಎತ್ತೋಕಾಗಲಿಲ್ಲ.

ಹಾರ್ಡನಿಂಗ್‌ನವರಿಗೆ ಫೋನ್ ಮಾಡಿದರೆ ಮೊದಲ ಉತ್ತರ, "ನಿಮ್ಮ ಮೆಟೀರಿಯಲ್ಲೇ ಡೂಪ್ಲಿಕೇಟ್ ಇರ್ಬೇಕು ಸಾರ್." ಆಮೇಲೆ, "ಪ್ರೆಸ್ ಅಲೈನ್‌ಮೆಂಟ್ ನೋಡ್ಕೊಳ್ಳಿ."

ಸ್ಪೇರ್ ಪಂಚ್ ಇನ್ನೂ ಗ್ರೈಂಡಿಂಗ್‌ಗೆ ಹೋಗಿರಲಿಲ್ಲ. ಅದನ್ನು ಬೇರೆ ಲ್ಯಾಬ್‌ಗೆ ಒಯ್ದೆ. ಅಲ್ಲಿದ್ದವರು ಟ್ಯೂಬ್‌ಲೈಟ್ ಕೆಳಗೆ ಹಿಡಿದು ಸುತ್ತ ತಿರುಗಿಸಿ ನೋಡಿದರು. "ಇದನ್ನ ಯಾರೂ ಟೆಸ್ಟೇ ಮಾಡಿಲ್ವಲ್ಲ ಸಾರ್" ಅಂದರು. ನಿಜ. ರಾಕ್‌ವೆಲ್ ಮೆಷಿನ್ನಿನ ವಜ್ರದ ಮೊನೆ 150 ಕೆಜಿ ಭಾರಕ್ಕೆ ಒತ್ತಿದರೆ ಸಣ್ಣ ಚುಕ್ಕಿ ಉಳಿಯಲೇಬೇಕು. ಒಂದು ಚುಕ್ಕಿಯೂ ಇಲ್ಲ. ಕಾಯಿಸಿದಾಗ ಕಟ್ಟಿದ ಕಪ್ಪು ಪದರ ಹಾಗೇ ಇದೆ, ಎಲ್ಲೂ ಉಜ್ಜಿದ ಗುರುತಿಲ್ಲ. ಮೂರು ರೀಡಿಂಗ್ ಬರೆದಿದ್ದಾರೆ, ಒಂದು ಚುಕ್ಕಿಯೂ ಇಲ್ಲ! ಲ್ಯಾಬಿನವರು ಒತ್ತಿ ನೋಡಿದರೆ 64.

64 ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. 800 ಡಿಗ್ರಿ ಹತ್ತಿರ ಕಾಯಿಸಿ, ಎಣ್ಣೆಗೆ ಅದ್ದಿ, ಹಾಗೇ ಪ್ಯಾಕ್ ಮಾಡಿ ಕಳಿಸಿದ್ದಾರೆ. 200ರಿಂದ 250 ಡಿಗ್ರಿಯಲ್ಲಿ ಎರಡು ಗಂಟೆ ಟೆಂಪರ್ ಮಾಡಿದ್ದರೆ ನಾಲ್ಕು ಪಾಯಿಂಟ್ ಹತ್ತಿರ ಇಳಿದು ಪೆಟ್ಟು ತಡೆಯುವ ಶಕ್ತಿ ಬರುತ್ತಿತ್ತು. ಅದಿಲ್ಲದೆ ಗಾಜಿನ ಹಾಗೆ ಒಡೆಯದೆ ಇನ್ನೇನಾಗುತ್ತೆ?

ಲ್ಯಾಬಿನ ಹೊಸ ರಿಪೋರ್ಟಿನ ಫೋಟೋ ಹಾರ್ಡನಿಂಗ್‌ನವರಿಗೆ ಕಳಿಸಿದೆ. ಬಂದ ಉತ್ತರ ಕೇಳಿ: "ಹಾರ್ಡ್ ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ ಸಾರ್, ಬೇಗ ಸವೆಯಲ್ಲ." ಹೀಟ್ ಟ್ರೀಟ್‌ಮೆಂಟ್ ಅಂತ ಬೋರ್ಡ್ ಹಾಕಿಕೊಂಡವರ ಮಾತು ಇದು! ಕೊನೆಗೆ, "ಹಾರ್ಡನಿಂಗ್ ಚಾರ್ಜ್ ಬೇಕಾದ್ರೆ ಬಿಡ್ತೀವಿ, ಟೂಲ್‌ಗೆ ನಾವು ಜವಾಬ್ದಾರಿ ಅಲ್ಲ." ಕೆಜಿ ಲೆಕ್ಕದ ಚಾರ್ಜ್ ಎಷ್ಟು, ಒಂದು ಡೈ ಮಾಡಿಸುವ ಖರ್ಚು ಎಷ್ಟು!

ಸ್ಪೇರ್ ಪಂಚ್ ಬೇರೆ ಕಡೆ ಟೆಂಪರ್ ಮಾಡಿಸಿದೆ. 60ಕ್ಕೆ ಬಂತು. ಹೊಸ ಡೈ ಜೊತೆ ಅದೇ ಪ್ರೆಸ್ಸಿನಲ್ಲಿ ಈಗಲೂ ಓಡುತ್ತಿದೆ. ಮುರಿದದ್ದೂ ಇದೂ ಒಂದೇ ರಾಡಿನ ತುಂಡು. ಮೆಟೀರಿಯಲ್ ಡೂಪ್ಲಿಕೇಟ್ ಅಂತೆ!

ಜಾಬ್ ಇಳಿಸಿಕೊಳ್ಳುವಾಗಲೇ ಚುಕ್ಕಿ ಹುಡುಕಿ. ಇಲ್ಲದಿದ್ದರೆ ಅಲ್ಲೇ ನಿಂತು, ನಿಮ್ಮ ಕಣ್ಣೆದುರಿಗೇ ಟೆಸ್ಟ್ ಮಾಡಿಸಿ. ಟೆಂಪರಿಂಗ್ ಟೈಮು, ಡಿಗ್ರಿ ಎರಡನ್ನೂ ಬಿಲ್ ಮೇಲೆ ಬರೆಸಿಕೊಳ್ಳಿ. ಇತ್ತೀಚೆಗೆ ಮಾಡಿಸಿದ ಟೂಲ್ ಯಾವುದಾದರೂ ಪ್ರೆಸ್ ಹತ್ತದೆ ರ‍್ಯಾಕಿನಲ್ಲಿದ್ದರೆ ಇವತ್ತೇ ಲ್ಯಾಬ್‌ಗೆ ಕೊಡಿ. 63, 64 ಬಂದು, ಬಿರುಕು ಇನ್ನೂ ಬಿಟ್ಟಿಲ್ಲ ಅಂದರೆ ಟೆಂಪರ್ ಮಾಡಿಸಿ ಉಳಿಸಿಕೊಳ್ಳಬಹುದು.