99 ರೂಪಾಯಿ ಅನ್‌ಲಿಮಿಟೆಡ್ ಊಟದ ಬೋರ್ಡ್ ನೋಡಿ ನಾವು ಮೋಸ ಹೋದೆವು, ನೀವು ಹೋಗಬೇಡಿ

ವಿಜಯಪುರದ ಮೇ ತಿಂಗಳ ಬಿಸಿಲು ಗೊತ್ತಲ್ವಾ, ನಲ್ಲಿ ನೀರು ಕೂಡ ಕೈ ಸುಡುತ್ತದೆ. ಮಕ್ಕಳು ಹದಿನೈದು ದಿನದಿಂದ ವಾಟರ್ ಪಾರ್ಕ್ ವಾಟರ್ ಪಾರ್ಕ್ ಅಂತ ಬೆನ್ನು ಬಿದ್ದಿದ್ದರು. ಕೊನೆಗೆ ಒಂದು ಭಾನುವಾರ ನಾನು, ಹೆಂಡತಿ, ಅವ್ವ, ನಮ್ಮ ಇಬ್ಬರು ಮಕ್ಕಳು, ಅಕ್ಕನ ಮಗ, ಹೀಗೆ ಆರು ಜನ ಕಾರು ಹತ್ತಿದೆವು. ಕೃಷ್ಣಾ ನದಿ ದಾಟಿ ಎರಡು ತಾಸಿನ ದಾರಿ. ಪಾರ್ಕಿನ ಹೆಸರು ಬರೆಯಲ್ಲ. ಒಂದರ ಹೆಸರು ಬರೆದರೆ ಉಳಿದವೆಲ್ಲ ಒಳ್ಳೆಯವು ಅಂದುಕೊಳ್ಳುತ್ತೀರಿ, ಆದರೆ ಇಂಥ ಬೋರ್ಡು ಈಗ ಸುಮಾರು ಕಡೆ ನೇತಾಡುತ್ತಿದೆ.

ಅವ್ವ ಬೆಳಗ್ಗೆ ಐದಕ್ಕೇ ಎದ್ದು ಬುತ್ತಿ ಕಟ್ಟಿದ್ದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣಗಾಯಿ, ಒಂದು ಡಬ್ಬಿ ಮೊಸರನ್ನ. ಗೇಟಿನಲ್ಲಿ ಚೀಲ ತಡಕಿದ ಹುಡುಗ, "ಹೊರಗಿನ ಊಟ ಒಳಗ ಬಿಡಂಗಿಲ್ರಿ ಸರ, ಕಾರಿನಾಗ ಇಟ್ಟು ಬರ್ರಿ" ಅಂದ. ಅವ್ವನ ಮುಖ ಸಣ್ಣದಾಯಿತು. ಅದೇ ಹೊತ್ತಿಗೆ ಪಕ್ಕದಲ್ಲೇ ದೊಡ್ಡ ಬೋರ್ಡು: 99 ರೂಪಾಯಿಗೆ ಅನ್‌ಲಿಮಿಟೆಡ್ ಊಟ. ಇರಲಿ ಬಿಡು, ಇಷ್ಟು ಕಡಿಮೆಗೆ ಸಿಗುತ್ತಲ್ಲ ಅಂತ ನಾನೇ ಎಲ್ಲರನ್ನೂ ಒಪ್ಪಿಸಿದೆ. ತಪ್ಪು ನನ್ನದೂ ಇದೆ, ಒಪ್ಪಿಕೊಳ್ಳುತ್ತೇನೆ.

ಒಳಗೆ ನಗದು ನಡೆಯಲ್ಲ. ಕಾರ್ಡು ಮಾಡಿಸಬೇಕು, ಕಡಿಮೆ ಅಂದರೂ 1000 ರೂಪಾಯಿ ತುಂಬಿಸಬೇಕು, ಅದರಲ್ಲಿ 50 ಕಾರ್ಡಿನದ್ದು, ವಾಪಸ್ ಬರಲ್ಲ. 99ರ ಪಕ್ಕ ಇರುವೆಯಷ್ಟು ಸಣ್ಣ ನಕ್ಷತ್ರ ಚಿಹ್ನೆ ಇತ್ತು, ಅದರ ಅರ್ಥ ತೆರಿಗೆ ಬೇರೆ ಅಂತ. ಆರು ಜನಕ್ಕೆ 624 ಆಯಿತು. ಕೈಗೆ ಆರು ಕಾಗದದ ಕೂಪನ್ ಕೊಟ್ಟರು. ಗಮನಿಸಿ, ವಾಟರ್ ಪಾರ್ಕಿನಲ್ಲಿ ಕಾಗದದ ಕೂಪನ್!

ಏನಾಗಬೇಕೋ ಅದೇ ಆಯಿತು. ಹಿರಿಮಗ ಮತ್ತು ಅಕ್ಕನ ಮಗ ಇಬ್ಬರೂ ಚಡ್ಡಿ ಜೇಬಿನಲ್ಲಿ ಕೂಪನ್ ಇಟ್ಟುಕೊಂಡೇ ಸ್ಲೈಡಿನಲ್ಲಿ ಜಾರಿದರು. ಹೊರಗೆ ತೆಗೆದಾಗ ಅದು ನೆನೆದ ಅವಲಕ್ಕಿ ಥರ ಆಗಿತ್ತು. ನಂಬರ್ ಕಾಣಲ್ಲ, ಹೊಸದು ತಗೊಳ್ಳಿ ಅಂದರು. ಬಿಲ್ ತೋರಿಸಿದೆ, ಕೇಳಲಿಲ್ಲ. ಮತ್ತೆ 208 ರೂಪಾಯಿ. ಅಷ್ಟರಲ್ಲಿ ನೀರಿಗೆ, ಅವ್ವನ ಮಜ್ಜಿಗೆಗೆ ಅಂತ ಕಾರ್ಡು ಖಾಲಿಯಾಗುತ್ತಾ ಬಂದಿತ್ತು. ಮತ್ತೆ ತುಂಬಿಸಲು ಹೋದರೆ 500ಕ್ಕಿಂತ ಕಡಿಮೆ ಆಗಲ್ಲವಂತೆ.

ಊಟ 12.30ರಿಂದ 2.30ರವರೆಗೆ ಮಾತ್ರ. ಇದು ಬೋರ್ಡಿನಲ್ಲಿ ಇರಲಿಲ್ಲ, ಕೂಪನ್ ಹಿಂದೆ ಇತ್ತು. ತಗಡಿನ ಶೆಡ್ಡಿನ ಕೆಳಗೆ ಮುಕ್ಕಾಲು ತಾಸು ಸಾಲು ನಿಂತೆವು. ಮೈಮೇಲಿನ ಒದ್ದೆ ಬಟ್ಟೆ ಸಾಲಿನಲ್ಲೇ ಒಣಗಿತು. ತಟ್ಟೆಗೆ ಬಿದ್ದದ್ದು ಎರಡು ತಣ್ಣನೆ ಪೂರಿ, ಬೇಳೆ ಹುಡುಕಬೇಕಾದ ಸಾರು, ಮೇಲೆ ಒಣಗಿ ಕೆಳಗೆ ಮುದ್ದೆಯಾದ ಅನ್ನ, ನಾಲ್ಕು ತುಂಡು ಗೋಬಿ. ಇನ್ನೆರಡು ಗೋಬಿ ಹಾಕಪ್ಪ ಅಂದರೆ, "ಅನ್‌ಲಿಮಿಟೆಡ್ ಅಂದ್ರ ಅನ್ನ ಸಾರಿಗೆ ಅಷ್ಟ ರೀ" ಅಂದ. ಆ ಅನ್ನ ಮತ್ತೆ ಬೇಕಾದರೂ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಯಾರು ನಿಲ್ಲುತ್ತಾರೆ ಹೇಳಿ? ಟಿಕೆಟ್ ಕೊಟ್ಟು ಬಂದಿದ್ದು ನೀರಿಗೆ ಇಳಿಯೋಕೆ. ಬಡಿಸುವ ಹುಡುಗರನ್ನು ಬೈಯಲ್ಲ, ಅವರೂ ಬೆವರು ಸುರಿಸಿಕೊಂಡು ನಿಂತಿದ್ದರು.

ಗೋಬಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಚಿಕ್ಕವನು ತಿಂದಮೇಲೆ ಅವನ ಬೆರಳು ಕುಂಕುಮ ಅದ್ದಿದ ಹಾಗೆ ಕೆಂಪು. ಸೋಪು ಹಚ್ಚಿ ತೊಳೆದೆ, ಹೋಗಲಿಲ್ಲ. ಮತ್ತೆ ಎರಡು ತಾಸು ನೀರಲ್ಲಿ ಆಡಿದ, ಆದರೂ ಉಗುರಿನ ಸಂದಿಯಲ್ಲಿ ಹಾಗೇ ಇತ್ತು. ಗೋಬಿ ಮಂಚೂರಿಗೆ, ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕಬಾರದು ಅಂತ ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲೇ ಆದೇಶ ಮಾಡಿದೆ, ಆಗ ಕಾಟನ್ ಕ್ಯಾಂಡಿಯಲ್ಲಿ ರೋಡಮೈನ್-ಬಿ ಅನ್ನುವ ಬಟ್ಟೆಗೆ ಹಾಕುವ ಬಣ್ಣ ಸಿಕ್ಕಿತ್ತು. ಇವರು ಹಾಕಿದ್ದು ಏನು ಅಂತ ಪರೀಕ್ಷೆ ಮಾಡಿಸದೆ ಹೇಳಲಾರೆ. ಆದರೆ ಬ್ಯಾಡಗಿ ಮೆಣಸಿನಕಾಯಿ ಕೆಂಪು ಹೇಗಿರುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾ?

ಬಿಲ್ ಮನೆಗೆ ಬಂದಮೇಲೆ ನೋಡಿದೆ. ಊಟ ಮಾರುವವರು ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನಂಬರ್ ಬಿಲ್ ಮೇಲೆ ಹಾಕಲೇಬೇಕು, 2022ರ ಜನವರಿಯಿಂದ ಕಡ್ಡಾಯ. ನಮ್ಮ ಬಿಲ್ಲಿನಲ್ಲಿ ಇರಲಿಲ್ಲ. ನೀವು ಅಲ್ಲೇ ನಿಂತು ನೋಡಿ, ಫೋಟೋ ತೆಗೆದುಕೊಳ್ಳಿ. ಬಾಟಲಿ ಮೇಲೆ 20 ಅಂತ ಇದ್ದ ನೀರಿಗೆ 40 ತಗೊಂಡರು. ಹೋಟೆಲಿನಲ್ಲಿ ಕೂರಿಸಿ ಕೊಡುವವರು ಎಂಆರ್‌ಪಿಗಿಂತ ಜಾಸ್ತಿ ತಗೊಳ್ಳಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ಸರಿ, ಇದು ಬರೀ ಫ್ರಿಜ್ ಇಟ್ಟ ಕಿಟಕಿ, ಕುರ್ಚಿಯೂ ಇಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ.

ಈಗ ಲೆಕ್ಕ ನೋಡಿ. ಎರಡು ಸಲ ಸೇರಿ ಕಾರ್ಡಿಗೆ ಹಾಕಿದ್ದು 1500. ಅಂದರೆ ತಲೆಗೆ 250, ಹೊಟ್ಟೆ ಮಾತ್ರ ಯಾರಿಗೂ ತುಂಬಲಿಲ್ಲ. 99 ಅಂತ ಬರೆದವರಿಗೆ ಅದರಲ್ಲೇ ಲಾಭ ಬರಬೇಕು ಅಂತಿಲ್ಲ. ಬುತ್ತಿ ಗೇಟಿನ ಹೊರಗೆ ಉಳಿದು, ಕಾರ್ಡು ನಮ್ಮ ಕೈಗೆ ಬಂದರೆ ಸಾಕು, ಆಮೇಲೆ ನೀರು, ಐಸ್‌ಕ್ರೀಮು, ವಾಪಸ್ ಬರದ ಬಾಕಿ ಎಲ್ಲ ಅವರ ಕಡೆಗೇ. ಹೋಗಲೇಬೇಕು ಅಂದರೆ ಬೆಳಗ್ಗೆ ಹೊಟ್ಟೆ ತುಂಬ ತಿಂದು ಹೋಗಿ. ಕೈಗೆ ಮುದ್ರೆ ಹಾಕಿ ಮಧ್ಯಾಹ್ನ ಹೊರಗೆ ಬಿಟ್ಟು ಮತ್ತೆ ಒಳಗೆ ಬಿಡ್ತೀರಾ ಅಂತ ಟಿಕೆಟ್ ತಗೊಳ್ಳೋ ಮುಂಚೆ ಕೇಳಿ. ಬಿಡುವುದಾದರೆ ಕಾರಿನ ಹತ್ತಿರ ಬಂದು ಬುತ್ತಿ ಬಿಚ್ಚಬಹುದು. ನಾವು ಕೇಳಲಿಲ್ಲ.

ಕಾರಿನಲ್ಲಿದ್ದ ಮೊಸರನ್ನ ಹುಳಿ ಬಂದು ಚೆಲ್ಲಿದೆವು, ಎಣಗಾಯಿಯೂ ಕೆಟ್ಟಿತ್ತು. ರೊಟ್ಟಿ ಚಟ್ನಿಗೆ ಏನಾಗುತ್ತೆ! ವಾಪಸ್ ಬರುವಾಗ ಕೊಲ್ಹಾರದಲ್ಲಿ ಗಾಡಿ ನಿಲ್ಲಿಸಿ ಗಡಿಗೆ ಮೊಸರು ತಗೊಂಡು, ರಸ್ತೆ ಬದಿಯ ಮರದ ಕೆಳಗೆ ಆರೂ ಜನ ಕೂತು ರೊಟ್ಟಿ ಮುರಿದೆವು. ಚಿಕ್ಕವನು ಆ ಕೆಂಪು ಬೆರಳಲ್ಲೇ ಮೂರು ರೊಟ್ಟಿ ತಿಂದ.

ಕಾರ್ಡಿನಲ್ಲಿ ಇನ್ನೂ 248 ರೂಪಾಯಿ ಇದೆ. ವಾಪಸ್ ಕೊಡುವ ಕಿಟಕಿ ಐದಕ್ಕೇ ಮುಚ್ಚಿತ್ತು, ಪಾರ್ಕು ಮುಚ್ಚುವುದು ಆರಕ್ಕೆ.