ತರಗತಿಯ ಗೋಡೆಗೆ ತರಿಸಿದ ಸಂವಿಧಾನ ಪೀಠಿಕೆಯ ಫಲಕ

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಒಂಬತ್ತನೇ ತರಗತಿಯ ಗೋಡೆಗೆಂದು ಈ ಫಲಕವನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಮರದ ಚೌಕಟ್ಟು ಗಟ್ಟಿಯಾಗಿದೆ. ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕಿದ್ದಾರೆ, ಮಕ್ಕಳಿರುವ ಕಡೆ ಅದೇ ಸರಿ. ಕಿಟಕಿಯ ಎದುರು ಮಾತ್ರ ತೂಗುಹಾಕಬೇಡಿ, ಬೆಳಕು ಹೊಳೆದು ಅಕ್ಷರ ಕಾಣುವುದಿಲ್ಲ.

ಕೊಳ್ಳುವ ಮುನ್ನ ಒಂದು ವಿಷಯ ಗಮನಿಸಿ. ಇವರ ಬಳಿ ಎರಡು ಬಗೆಯ ಫಲಕಗಳಿವೆ. ಒಂದು, ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಕೈಯಲ್ಲಿ ಬರೆದು, ಬ್ಯೋಹರ್ ರಾಮ್‌ಮನೋಹರ್ ಸಿನ್ಹಾ ಅಲಂಕರಿಸಿದ ಇಂಗ್ಲಿಷ್ ಮೂಲಪುಟದ ಪ್ರತಿ. ಬಲು ಚೆಂದ. ಆದರೆ ಅದರಲ್ಲಿ ಸಮಾಜವಾದಿ, ಜಾತ್ಯತೀತ, ಅಖಂಡತೆ ಎಂಬವು ಇಲ್ಲ. ಅವು ಸೇರಿದ್ದು 1976ರ 42ನೇ ತಿದ್ದುಪಡಿಯಿಂದ. ಇವತ್ತಿನ ಪಠ್ಯ ಬೇಕಾದವರು ನನ್ನ ಹಾಗೆ ಕನ್ನಡದ ಫಲಕವನ್ನೇ ಆರಿಸಿಕೊಳ್ಳಿ. ತಪ್ಪಿಲ್ಲದೆ ಅಚ್ಚಾಗಿದೆ, 1949ರ ನವೆಂಬರ್ 26 ಎಂಬ ತಾರೀಖೂ ಸರಿಯಾಗಿದೆ.

ನನ್ನ ತಕರಾರು ಅಕ್ಷರ ಜೋಡಿಸಿದ ರೀತಿಯ ಮೇಲೆ. ನ್ಯಾಯ, ಸ್ವಾತಂತ್ರ್ಯ, ಸಮಾನತೆ ಮೂರೂ ದಪ್ಪ ಕೆಂಪಕ್ಷರದಲ್ಲಿವೆ. ಭ್ರಾತೃತ್ವದ ಸಾಲನ್ನು ಜಾಗ ಸಾಲದೆ ಕೆಳಗೆ ಸಣ್ಣದಾಗಿ ತುರುಕಿದ್ದಾರೆ, ಕೊನೆಯ ಬೆಂಚಿನವರಿಗೆ ಕಾಣುವುದೇ ಇಲ್ಲ. ಇದನ್ನು ಸಣ್ಣ ಲೋಪವೆಂದು ಬಿಡಲು ನನಗೆ ಮನಸ್ಸಿಲ್ಲ. 1946ರ ಡಿಸೆಂಬರ್ 13ರಂದು ನೆಹರೂ ಸಂವಿಧಾನ ರಚನಾ ಸಭೆಯಲ್ಲಿ ಮಂಡಿಸಿದ, ಪೀಠಿಕೆಗೆ ಆಧಾರವಾದ ಧ್ಯೇಯಗಳ ನಿರ್ಣಯದಲ್ಲಿ ಉಳಿದ ಮೂರೂ ಇದ್ದವು, ಭ್ರಾತೃತ್ವ ಇರಲಿಲ್ಲ. ಅದನ್ನು ಬೇಕೆಂದೇ ಸೇರಿಸಿದ್ದು ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ. ಭ್ರಾತೃತ್ವವಿಲ್ಲದಿದ್ದರೆ ಸಮಾನತೆ, ಸ್ವಾತಂತ್ರ್ಯಗಳು ಮೇಲೆ ಬಳಿದ ಬಣ್ಣಕ್ಕಿಂತ ಆಳಕ್ಕೆ ಇಳಿಯವು ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಆ ಸಭೆಯಲ್ಲೇ ಹೇಳಿದರು. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ, ಆಚರಿಸಿದವರಿಗೆ ಶಿಕ್ಷೆಯಿದೆ. ಆದರೆ ಬಿಸಿಯೂಟಕ್ಕೆ ಬೇರೆ ಕೇರಿಯ ಹುಡುಗನ ಪಕ್ಕ ಖುಷಿಯಿಂದ ತಟ್ಟೆ ಹಿಡಿದು ಕೂರುವುದನ್ನು ಯಾವ ಕೋರ್ಟು ಕಲಿಸೀತು? ನನ್ನ ತರಗತಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಿರುವುದು ಆ ಸಾಲೇ.

ಮುಂದಿನ ಅಚ್ಚಿನಲ್ಲಿ ನಾಲ್ಕನ್ನೂ ಒಂದೇ ಅಳತೆಯಲ್ಲಿ ಕೂರಿಸಿ ಎಂದು ಮಾರಾಟಗಾರರಿಗೆ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಸದ್ಯಕ್ಕೆ ಮಕ್ಕಳೇ ಆ ಸಾಲನ್ನು ಡ್ರಾಯಿಂಗ್ ಶೀಟಿನಲ್ಲಿ ದೊಡ್ಡದಾಗಿ ಬರೆದು ಫಲಕದ ಕೆಳಗೆ ಅಂಟಿಸಿದ್ದಾರೆ. ಚೌಕಟ್ಟಿಗೆ, ಅಚ್ಚಿಗೆ ಪೂರ್ತಿ ಅಂಕ. ವಿನ್ಯಾಸಕ್ಕೆ ಕಳೆದು, ಐದಕ್ಕೆ ಮೂರು.