ಮಂಗಳೂರಿನ ಹೆರಿಟೇಜ್ ವಾಕ್: ಹೋಗಿ, ಆದ್ರೆ ಬಂದರಿನಲ್ಲಿ ನಿಲ್ಲಿಸೋಕೆ ಹೇಳಿ

ಹೋದ ಭಾನುವಾರ ಮಂಗಳೂರಿನಲ್ಲಿ ಅರ್ಧ ದಿನದ ಹೆರಿಟೇಜ್ ವಾಕ್‌ಗೆ ಹೋಗಿದ್ದೆ. ಹನ್ನೆರಡು ಜನ ಇದ್ದೆವು. ತೋರಿಸಿದ ಜಾಗಗಳೆಲ್ಲ ಒಳ್ಳೆಯವೇ. ಆದರೆ ಈ ಊರು ಬೆಳೆದದ್ದು ನೀರಿನ ಕಡೆಯಿಂದ, ವಾಕ್ ಶುರುವಾಗಿದ್ದು ಗುಡ್ಡದ ಮೇಲಿಂದ. ನನ್ನ ತಕರಾರು ಅಷ್ಟೇ.

ಮೊದಲು ಬಾವುಟಗುಡ್ಡೆಯ ಅಲೋಶಿಯಸ್ ಚಾಪೆಲ್. ಗೋಡೆ, ಛಾವಣಿ ತುಂಬಾ ಇಟಲಿಯ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳು. ಕತ್ತು ನೋಯುವವರೆಗೂ ನೋಡಿದೆ. ಬಲ್ಮಠದ ಹತ್ತಿರ ಗೈಡ್ ತುಂಬಾ ಚೆನ್ನಾಗಿ ಮಾತಾಡಿದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದದ್ದು ಈ ಊರಿನಿಂದಲೇ, ಅದೂ ಕಲ್ಲಿನ ಮೇಲೆ ಬರೆದು ಅಚ್ಚೊತ್ತುವ ಕಲ್ಲಚ್ಚಿನಲ್ಲಿ. ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ. ಕನ್ನಡ ಓದುವ ಯಾರಿಗಾದರೂ ಅಲ್ಲಿ ನಿಂತರೆ ಏನೋ ಒಂದು ಆಗುತ್ತದೆ, ಅಲ್ವಾ?

ನನಗೆ ಜಾಸ್ತಿ ಇಷ್ಟವಾಗಿದ್ದು ಒಂದು ಹಳೇ ಹಂಚು. ಗೈಡ್ ಅದನ್ನು ಚೀಲದಿಂದ ತೆಗೆದು ಕೈಗೆ ಕೊಟ್ಟರು. ಹಿಂಬದಿಯಲ್ಲಿ ಬಾಸೆಲ್ ಮಿಷನ್ ಅಂತ ಉಬ್ಬಿದ ಅಕ್ಷರ, ಒಂದು ಮೂಲೆಯಲ್ಲಿ ಪಾಚಿಯ ಕಪ್ಪು ಕಲೆ, ಎತ್ತಿದರೆ ಅಂದುಕೊಂಡದ್ದಕ್ಕಿಂತ ಭಾರ. 1865ರಲ್ಲಿ ಸ್ವಿಟ್ಜರ್ಲೆಂಡ್‌ನ ಈ ಕ್ರೈಸ್ತ ಮಿಷನ್‌ನವರು ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನದೀ ದಡದ ಜೇಡಿಮಣ್ಣು ಕೈಗೆ ಸಿಗುತ್ತಿತ್ತು, ಸಾಗಿಸಲು ಬಂದರು ಪಕ್ಕದಲ್ಲೇ ಇತ್ತು, ಹಾಗಾಗಿ 'ಮಂಗಳೂರು ಹಂಚು' ಅನ್ನುವ ಹೆಸರು ಹಡಗು ಹತ್ತಿ ಎಲ್ಲೆಲ್ಲಿಗೋ ಹೋಯಿತು.

ಇಷ್ಟೆಲ್ಲ ಹೇಳಿದ ಮೇಲೆ ಹಳೇ ಬಂದರಿಗೆ ಬಂದರೆ ಅಲ್ಲಿ ಕೊಟ್ಟಿದ್ದು ಹದಿನೈದೇ ನಿಮಿಷ! "ಇಲ್ಲಿ ಮೀನು ವಾಸನೆ ಜಾಸ್ತಿ ಉಂಟು, ಬೇಗ ಹೋಗುವ" ಅಂದರು ಗೈಡ್. ನನಗೆ ನಿಜವಾಗಿ ಬೇಸರವಾಯಿತು. 14ನೇ ಶತಮಾನದಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಬಂದಾಗ ಪರ್ಷಿಯಾ, ಯೆಮನ್‌ನ ವ್ಯಾಪಾರಿಗಳು ಮೆಣಸು, ಶುಂಠಿಗಾಗಿ ಬಂದಿಳಿಯುತ್ತಿದ್ದ ಊರು ಇದು. ಲಕ್ಷದ್ವೀಪಕ್ಕೆ ಇಲ್ಲಿಂದಲೇ ಮಂಜಿ ಅನ್ನುವ ಸರಕು ದೋಣಿಗಳಲ್ಲಿ ಸಾಮಾನು ಹೋಗುತ್ತದೆ. ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಐದು ನಿಮಿಷ ಸುಮ್ನೆ ನಿಂತರೂ ಸಾಕು, ತುಳು, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲವೂ ಒಂದೇ ಬುಟ್ಟಿ ಮೀನಿನ ಸುತ್ತ ಕೇಳಿಸುತ್ತವೆ. ತುಳುವಿನಲ್ಲಿ ಕುಡ್ಲ, ಬ್ಯಾರಿಯಲ್ಲಿ ಮೈಕಾಲ, ಕೊಂಕಣಿಯಲ್ಲಿ ಕೊಡಿಯಾಲ್ ಅಂತ ಒಂದೇ ಊರಿಗೆ ಇಷ್ಟೊಂದು ಹೆಸರು ಯಾಕೆ ಅಂತ ಆಗ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಬೋಳೂರಿನ ಸುಲ್ತಾನ್ ಬತ್ತೇರಿ. ನದಿಯಲ್ಲಿ ಯುದ್ಧದ ಹಡಗು ಒಳಗೆ ಬಾರದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಗೋಪುರ. ಅದೇ ವರ್ಷ ಮಾರ್ಚ್‌ನಲ್ಲಿ ಇಂಗ್ಲಿಷರ ಜೊತೆ ಮಂಗಳೂರು ಒಪ್ಪಂದವೂ ಆಗಿತ್ತು. ಗೋಡೆಯ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದೆ. ಫಲ್ಗುಣಿ ನದಿ, ಒಂದು ದೋಣಿ, ಆಚೆ ದಡದಲ್ಲಿ ತಣ್ಣೀರುಬಾವಿಯ ಮರಗಳು. ಇಲ್ಲಿ ಯಾರೂ ಅವಸರ ಮಾಡಲಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಬುಕ್ ಮಾಡುವಾಗಲೇ ಬಂದರಿನಲ್ಲಿ ಒಂದು ಗಂಟೆ ಬೇಕು ಅಂತ ಹೇಳಿಬಿಡಿ. ಹಳೇ ಚಪ್ಪಲಿ ಹಾಕಿಕೊಂಡು ಹೋಗಿ, ದಕ್ಕೆಯ ನೆಲ ಯಾವಾಗಲೂ ಒದ್ದೆ.